ಪಡಸಾಲೆಯಿಂದ ಸಮುದ್ರಕ್ಕೆ

ಬ್ಯಾಡಗಿಯ ನಮ್ಮ ಮನೆಯ ಪಡಸಾಲೆಯಿಂದ ಸಮುದ್ರಕ್ಕೆ ಹೋಗಬೇಕಾದರೆ ಎಡಕ್ಕೆ ತಿರುಗಬೇಕಿತ್ತು. ಬಲಕ್ಕೆ ತಿರುಗಿದರೆ ಲೈಟ್‌ಹೌಸ್ ಗುಡ್ಡ. ನೇರ ಹೋದರೆ ಮೀನಿನ ಮಾರ್ಕೆಟ್ಟು, ಅಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇಗ ದಾಟಬೇಕು. ಜಿಯಾಗ್ರಫಿ ಗೊತ್ತಿದ್ದವರು ಇದನ್ನು ಕೇಳಿ ನಗುತ್ತಾರೆ. ಬ್ಯಾಡಗಿಗೆ ಸಮುದ್ರವಿಲ್ಲ, ಇರುವುದು ಮೆಣಸಿನಕಾಯಿ. ನನ್ನ ಅಪ್ಪನದು ಮೆಣಸಿನಕಾಯಿಯ ದಲಾಲಿ ಅಂಗಡಿ. ಅಂಗಡಿಯಲ್ಲಿ ಹಿಡಿಸದ ಚೀಲಗಳು ಮನೆಗೆ ಬಂದು ನಮ್ಮ ಜೊತೆ ವಾಸಮಾಡುತ್ತಿದ್ದವು. ಸೀಸನ್ನಿನಲ್ಲಿ ಗೋಡೆಗೆ ಗೋಡೆಯೇ ಚೀಲ, ಹಿತ್ತಲ ತುಂಬ ಒಣಗಲು ಹರವಿದ ಕಾಯಿ. ಯಾರ ಕಣ್ಣಲ್ಲಿ ನೀರು ಬಂದರೂ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ. ಆ ಮನೆಯೊಳಗೆ ಒಂದು ಊರನ್ನೇ ತಂದಿಟ್ಟವಳು ನನ್ನ ಅಮ್ಮ. ಅದು ಅವಳ ತವರೂರು ಮಂಗಳೂರು. ಅಪ್ಪನ ಸರಕು ಅಲ್ಲಿನ ಬಂದರಿನ ಒಂದು ಮಂಡಿಗೆ ಹೋಗುತ್ತಿತ್ತು, ಆ ಮಂಡಿಯ ಸಾಹುಕಾರರ ತಂಗಿಯೇ ಅಮ್ಮ. ಮದುವೆಯಾಗಿ ಬಂದಾಗ ಮಾತು ಮಾತಿಗೆ ‘ಉಂಟು’ ಎನ್ನುತ್ತಿದ್ದಳಂತೆ. ಓಣಿಯ ಹೆಂಗಸರು ನೀರಿಗೆ ಬಂದ ನೆವದಲ್ಲಿ ಅವಳಿಂದ ಒಂದು ‘ಉಂಟು’ ಹೇಳಿಸಿ ನಕ್ಕು ಹೋಗುತ್ತಿದ್ದರಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅವಳು ಹೊರಗಿನವರೆದುರು ‘ಐತಿ’ ಎನ್ನಲು ಕಲಿತಿದ್ದಳು. ‘ಉಂಟು’ ನನ್ನೊಬ್ಬಳಿಗಾಗಿ ಉಳಿದಿತ್ತು.

ನಮ್ಮ ಮನೆಯಲ್ಲಿ ಸೊಸೆ ತವರಿಗೆ ತಾನಾಗಿ ಹೋಗುವ ಪದ್ಧತಿ ಇರಲಿಲ್ಲ. ತವರಿನವರೇ ಬಂದು ಕರೆಯಬೇಕು. ಹೂವು ತರಬೇಕು, ಪಡಸಾಲೆಯಲ್ಲಿ ಕೂತು ಕೊಟ್ಟ ಚಹಾ ಕುಡಿಯಬೇಕು, ಆಮೇಲೆ ಮನೆಯ ಹಿರಿಯಳ ಮುಂದೆ ‘ನಮ್ಮ ಹುಡುಗಿಯನ್ನು ಕರೆಯಲು ಬಂದಿದ್ದೇವೆ’ ಎನ್ನಬೇಕು. ಹಿರಿಯಳು, ಅಂದರೆ ಅಪ್ಪನ ತಾಯಿ, ನಮ್ಮ ಆಯಿ, ‘ಕರಕೊಂಡು ಹೋಗ್ರಿ, ಲಗೂ ಕಳಸ್ರಿ’ ಎಂದು, ಬೇಗ ವಾಪಸು ಕಳಿಸಲು ಹೇಳಿ, ಒಪ್ಪಬೇಕು. ಈ ಎರಡು ಮಾತು ಆಗದೆ ಟ್ರಂಕು ಹೊಸ್ತಿಲು ದಾಟುವಂತಿಲ್ಲ. ನಾನು ಕೈಗೂಸಾಗಿದ್ದಾಗ ಒಮ್ಮೆ ಮಾವ, ಆ ಮಂಡಿಯ ಸಾಹುಕಾರರೇ, ಬಂದು ಕರೆದುಕೊಂಡು ಹೋಗಿದ್ದರಂತೆ, ನನಗೆ ನೆನಪಿಲ್ಲ. ಆಮೇಲೆ ಪ್ರತಿ ವರ್ಷವೂ ‘ಸೀಸನ್ ಮುಗೀಲಿ’ ಎಂಬ ಮಾತು. ಕೊನೆಗೊಂದು ಬೇಸಿಗೆಯಲ್ಲಿ ಸೀಸನ್ ಖರೇನೇ ಮುಗಿಯುತ್ತ ಬಂತು. ಮಾವ ಬರುವ ಸುದ್ದಿ ಬಂತು. ಅಮ್ಮ ಟ್ರಂಕು ತುಂಬಿ ಬಾಗಿಲ ಪಕ್ಕದಲ್ಲಿಟ್ಟಳು. ನನಗೆ ಹೊಸ ಬೂಟು ಹಾಕಿಸಿದಳು. ಅಲ್ಲಿ ಎಲ್ಲವನ್ನೂ ನಡೆದೇ ನೋಡಬಹುದು, ಗಾಡಿ ಗೀಡಿ ಎಂತದೂ ಬೇಡ, ನಾವಿಬ್ಬರೇ ಹೋಗುವ ಎಂದು ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದಳು.

ಮಾವ ಬಂದರು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ, ಇನ್ನೊಂದು ಕೈಯಲ್ಲಿ ಕುಚ್ಚಲಕ್ಕಿಯ ಚೀಲ. ಹೂವನ್ನು ಅಮ್ಮನಿಗೆ ಕೊಟ್ಟು ಪಡಸಾಲೆಯಲ್ಲಿ ಕೂತರು. ಚಹಾ ಬರುವುದರೊಳಗೆ ವ್ಯಾಪಾರದ ಮಾತು ಬಂದುಬಿಟ್ಟಿತು. ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬುವ ಮೊದಲು ನಮ್ಮಲ್ಲಿ ಅದರ ಮೇಲೆ ನೀರು ಚಿಮುಕಿಸುತ್ತಾರೆ. ಇಲ್ಲದಿದ್ದರೆ ನಮ್ಮ ಒಣ ಹವೆಗೆ ಕಾಯಿ ಪುಡಿಪುಡಿಯಾಗುತ್ತದೆ. ಆ ಸಲ ಕಳಿಸಿದ ಸರಕು ಬಂದರಿನಲ್ಲಿ ಬೂಷ್ಟು ಹಿಡಿದಿತ್ತು.

“ನೀರು ಹಾಕಿದ್ದೀರಿ ಅಂತ ನಾನು ಹೇಳುವುದಲ್ಲ ಭಾವ. ಚೀಲವೇ ಹೇಳ್ತದೆ,” ಎಂದರು ಮಾವ, ನಗುತ್ತಲೇ.

“ನೀರು ಹೊಡೀಲಿಲ್ಲಂದ್ರ ಕಾಯಿ ಮುರದು ಬರೇ ಬೀಜ ಬರ್ತಾವ್ರಿ ನಿಮ್ಮೂರಿಗೆ,” ಎಂದರು ಅಪ್ಪ. “ನಿಮ್ಮೂರ ಗಾಳ್ಯಾಗ ಅರ್ಧಾ ಸಮುದ್ರ ಐತಿ. ಅದನ್ನೂ ನಾನ ಹೊಡದೇನಿ ಅಂತೀರೇನು?”

“ಹಾಗಾದರೆ ನೀರು ಹಾಕಿದ್ದು ತೂಕ ಹೆಚ್ಚಿಸುವ ಆಸೆಗೆ ಅಲ್ಲ ಅಂತೀರಿ.”

“ಏನಂದ್ರಿ?”

ಅಷ್ಟೇ. ಮಾವ ಆ ಮಾತನ್ನು ನುಂಗಬಹುದಿತ್ತು, ಅಪ್ಪ ಕೇಳದಂತೆ ಇರಬಹುದಿತ್ತು. ಇಬ್ಬರೂ ಎದ್ದು ನಿಂತರು. ನನಗೆ ಈಗ ಅನಿಸುವುದು ಇಷ್ಟು: ಇಬ್ಬರ ಮಾತಿನಲ್ಲೂ ನ್ಯಾಯವಿತ್ತು, ಒಬ್ಬರಿಗೊಬ್ಬರ ಊರಿನ ಹವೆ ಗೊತ್ತಿರಲಿಲ್ಲ. ಅಮ್ಮ ಚಹಾದ ಬಸಿ ಹಿಡಿದು ನಡುಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಮಾವ ಚಪ್ಪಲಿ ಮೆಟ್ಟಿಯಾಗಿತ್ತು. ಚಹಾ ಕುಡಿಯಲಿಲ್ಲ. ಕರೆಯುವ ಮಾತು ಆಡಲಿಲ್ಲ. ಆಯಿ ಗೋಡೆಗೆ ಒರಗಿ ಕೂತು, ಆ ಮಾತಿಗೆ ಕೊಡಬೇಕಾದ ಉತ್ತರವನ್ನು ಬಾಯಲ್ಲಿಟ್ಟುಕೊಂಡೇ ಬಾಗಿಲು ನೋಡುತ್ತಿದ್ದಳು. ಅಮ್ಮ ಅಣ್ಣನ ಹಿಂದೆ ಹೊಸ್ತಿಲವರೆಗೆ ಹೋದಳು, ದಾಟಲಿಲ್ಲ. ನನ್ನ ಬೂಟುಗಳನ್ನು ಯಾರೂ ಬಿಚ್ಚಲಿಲ್ಲ. ನಾನೇ ಬಿಚ್ಚಿ ಟ್ರಂಕಿನ ಮೇಲೆ ಜೋಡಿಸಿಟ್ಟೆ. ಮಲ್ಲಿಗೆಯನ್ನು ಅಮ್ಮ ಮುಡಿಯಲಿಲ್ಲ, ದೇವರಿಗೂ ಏರಿಸಲಿಲ್ಲ. ಅದು ನೀರಿನ ಕೊಡದ ಪಕ್ಕದಲ್ಲಿ ಬಾಳೆಲೆಯೊಳಗೇ ಇದ್ದು ಕಂದಿತು. ಅಡುಗೆಮನೆಯ ಖಾರದ ಘಾಟಿನ ನಡುವೆ ಅದರ ವಾಸನೆ ಎರಡು ದಿನ ಒಬ್ಬ ನೆಂಟಳ ಹಾಗೆ ಸಂಕೋಚದಿಂದ ತಿರುಗಾಡುತ್ತಿತ್ತು.

ಮರುದಿನ ಮಧ್ಯಾಹ್ನ ಅಪ್ಪ ಅಂಗಡಿಗೆ ಹೋದ ಮೇಲೆ ಅಮ್ಮ ನನ್ನನ್ನು ಕರೆದಳು.

“ಬಾ ಮಗಾ, ಹೊರಡುವ.”

“ಎಲ್ಲಿಗೆ?”

“ಎಲ್ಲಿಗೆ ಅಂತ ಕೇಳ್ತೀಯಲ್ಲ ಮಾರಾಯ್ತಿ. ನಿನ್ನೆ ಹೊರಟದ್ದು ಎಲ್ಲಿಗೆ?”

ಪಡಸಾಲೆಯ ನಡುವೆ ನಿಂತು ಇದು ಹಂಪನಕಟ್ಟೆ ಎಂದಳು. ಎಲ್ಲ ರಸ್ತೆಗಳೂ ಬಂದು ಸೇರುವುದು ಇಲ್ಲಿ, ಕಳೆದುಹೋದರೆ ಇಲ್ಲಿಗೇ ಬಂದು ನಿಲ್ಲಬೇಕು. ಆಮೇಲೆ ಇಲ್ಲದ ಚಪ್ಪಲಿ ಹಾಕಿಕೊಂಡಳು. ಅದೊಂದು ದೊಡ್ಡ ಕೆಲಸ ಅವಳಿಗೆ. ಒಂದು ಕಾಲಿಗೆ ಹಾಕಿ, ಏನೋ ಚುಚ್ಚಿದಂತಾಗಿ ಮತ್ತೆ ತೆಗೆದು, ಕೊಡವಿ, ಹಾಕಿ, ಬೆರಳು ಸರಿಮಾಡಿಕೊಂಡು, ಇನ್ನೊಂದಕ್ಕೆ ಬರುತ್ತಿದ್ದಳು. ನಿಜವಾದ ಚಪ್ಪಲಿಯನ್ನೂ ಹೀಗೇ ಹಾಕಿಕೊಳ್ಳುತ್ತಿದ್ದಳು. ನಾವು ಎಲ್ಲಿಗೆ ಹೊರಟರೂ ಹೊಸ್ತಿಲ ಹೊರಗೆ ನಿಂತು ಅವಳಿಗಾಗಿ ಕಾಯುವುದೇ ನನ್ನ ಬಾಲ್ಯದ ಪರ್ಮನೆಂಟ್ ಪೋಸ್ಟು. ಆ ದಿನ ಬಲಕ್ಕೆ ಹೋಗಿ ಮಾಳಿಗೆಯ ಏಣಿ ಹತ್ತಿದೆವು. ಅದು ಲೈಟ್‌ಹೌಸ್ ಗುಡ್ಡ, ಮೇಲೆ ಪಾರ್ಕು, ಕೂರಲು ಬೆಂಚು. ಬೆಂಚೆಂದರೆ ಮಾಳಿಗೆಯ ಬೆಳಕಿಂಡಿಯ ಕಟ್ಟೆ. ಅಲ್ಲಿಂದ ನೋಡಿದರೆ ಸಮುದ್ರ ಕಾಣಬೇಕು. ನಮಗೆ ಕಂಡದ್ದು ಹಿತ್ತಲಲ್ಲಿ, ಪಕ್ಕದವರ ಹಿತ್ತಲಲ್ಲಿ, ಅದರಾಚೆಯ ಕಣದಲ್ಲಿ, ರೈಲು ಹಳಿಯವರೆಗೂ ಹರವಿದ ಕೆಂಪು. ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಇವತ್ತು ಸ್ವಲ್ಪ ಕೆಂಪುಂಟು, ಅಷ್ಟೇ,” ಎಂದಳು. ಸಮುದ್ರದ ಬಣ್ಣ ಕೆಂಪೆಂದು ನಾನು ಬಹಳ ದಿನ ನಂಬಿದ್ದೆ.

ಹೀಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಪಡಸಾಲೆಯ ಎಡಕ್ಕಿದ್ದ ಚೀಲಗಳ ನಡುವಿನ ಸಂದುಗಳು ಬಂದರಿನ ಗಲ್ಲಿಗಳಾದವು. ಚೀಲ ಸಾಗಿಸಿದಂತೆ ಗಲ್ಲಿಗಳು ಬದಲಾಗುತ್ತಿದ್ದವು, ನಾವು ಹೊಸ ದಾರಿ ಹುಡುಕುತ್ತಿದ್ದೆವು. ಗಲ್ಲಿಗಳ ಕೊನೆಗೆ ಹಿಂಬಾಗಿಲು. ಅದು ದೋಣಿಕಟ್ಟೆ. ದೋಣಿ ಹತ್ತಿ ನದಿ ದಾಟಿದರೆ ಬೆಂಗ್ರೆಯ ಮರಳು, ಅದರಾಚೆ ಸಮುದ್ರ, ಅಂದರೆ ಹಿತ್ತಲು. ಅಡುಗೆಮನೆಯನ್ನು ಮೀನಿನ ಮಾರ್ಕೆಟ್ಟು ಮಾಡಿದ್ದು ಆಯಿಗೆ ಗೊತ್ತಾದ ದಿನ ದೊಡ್ಡ ಜಗಳವಾಯಿತು. ಈರುಳ್ಳಿ ತಿನ್ನಲೂ ವಾರ ನೋಡುವವಳು ಆಯಿ.

“ನನ್ನ ಅಡಿಗಿಮನಿ ಮೀನಾ ಮಾರೂ ಪ್ಯಾಟಿ ಆತೇನ? ಶಿವ ಶಿವಾ! ತಾಯಿ ಮಗಳಿಗೆ ಇಬ್ಬರಿಗೂ ತಲಿ ತಿರಗೇತಿ.”

“ನಾವೂ ಮೀನು ತಿನ್ನುವವರಲ್ಲ ಅತ್ತೆ. ಮೂಗು ಮುಚ್ಚಿಕೊಂಡೇ ದಾಟುವುದು.”

“ನನ್ನ ಅಡಿಗಿಮನ್ಯಾಗ ಮೂಗು ಬ್ಯಾರೆ ಮುಚಗೋತೀರೇನು?”

ಜಗಳವಾದ ಮೇಲೂ ನಾವು ನಿಲ್ಲಿಸಲಿಲ್ಲ. ಆಯಿ ಮಧ್ಯಾಹ್ನದ ಹೊತ್ತು ಗಾಳಿಗೆಂದು ಹಿಂಬಾಗಿಲಲ್ಲೇ ಕೂರುತ್ತಿದ್ದಳು. ಒಂದು ದಿನ ನಾವು ದಾಟಲು ಹೋದಾಗ ಕಾಲು ಚಾಚಿ ಬಾಗಿಲಿಗೆ ಅಡ್ಡ ಇಟ್ಟಳು. ನಾನು ಹೆದರಿದೆ. ಆಯಿ ಅಡಕೆ ಕತ್ತರಿಸುತ್ತಿದ್ದ ಅಡಕೊತ್ತಿನಿಂದ ಕಣ್ಣೆತ್ತಲಿಲ್ಲ.

“ದ್ವಾಣಿ ಹಂಗ ಹೊಂಡಂಗಿಲ್ಲ. ಟಿಕೀಟು ಎಲ್ಲೈತಿ?”

ಅಮ್ಮ ನಕ್ಕದ್ದನ್ನು ನಾನು ಆ ಮನೆಯಲ್ಲಿ ಸರಿಯಾಗಿ ಕೇಳಿದ್ದು ಅಂದೇ. ಟಿಕೀಟು ಎಂದರೆ ಒಂದು ವೀಳ್ಯದೆಲೆ, ಸುಣ್ಣ ಹಚ್ಚಿ ಮಡಿಸಿದ್ದು. ಅಂದಿನಿಂದ ಆಯಿ ಅಂಬಿಗಿತ್ತಿಯಾದಳು. ಎಲೆ ಕೊಟ್ಟರೆ ಕಾಲು ತೆಗೆಯುತ್ತಿದ್ದಳು. ಮನಸ್ಸು ಸರಿಯಿಲ್ಲದ ದಿನ ಇವತ್ತು ನೀರು ಭಾಳ ಐತಿ, ದ್ವಾಣಿ ಇಲ್ಲ ಎಂದು ಹೇಳಿ ಮುಖ ತಿರುವುತ್ತಿದ್ದಳು.

ಮಾವ ಮತ್ತೆ ಬರಲಿಲ್ಲ. ಅಪ್ಪನ ವ್ಯವಹಾರ ಬೇರೆ ಮಂಡಿಯ ಜೊತೆ ನಡೆಯಿತು. ಕುಚ್ಚಲಕ್ಕಿ ಮುಗಿಯಿತು. ಅಮ್ಮ ನಮ್ಮ ಕಡೆಯ ಅಕ್ಕಿಯಲ್ಲೇ ಗಂಜಿ ಮಾಡಿ, ಒಂದು ತುತ್ತು ಬಾಯಿಗಿಟ್ಟು, “ಇದು ಗಂಜಿ ಅಲ್ಲ, ಗಂಜಿಯ ಫೋಟೋ,” ಎಂದು ತಟ್ಟೆ ಸರಿಸುತ್ತಿದ್ದಳು. ಅಪ್ಪ ಕೆಟ್ಟವರಲ್ಲ. ಒಂದು ದಿನ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ, ಯಾರನ್ನೂ ನೋಡದೆ, “ಹೋಗ್ತಿದ್ರ ಹೋಗಿ ಬಾ. ಬಸ್ಸಿಗೆ ಕುಂದ್ರಸ್ತೇನಿ,” ಎಂದರು. ನಾನು ಅಮ್ಮನ ಮುಖ ನೋಡಿದೆ. ಟ್ರಂಕು ಇಳಿಸುತ್ತಾಳೆ ಎಂದುಕೊಂಡೆ. ಅಮ್ಮ ಪಲ್ಯ ಬಡಿಸಿ, “ಕರೆಯದೆ ಹೇಗೆ ಹೋಗುವುದು?” ಎಂದಳು. ಅದು ಅಪ್ಪನ ಮೇಲಿನ ಸಿಟ್ಟೋ, ಅಣ್ಣನ ಮೇಲಿನದೋ, ಅಥವಾ ಅವಳಿಗೆ ಉಳಿದಿದ್ದ ಒಂದೇ ಮರ್ಯಾದೆಯೋ, ನನಗೆ ಈ ವಯಸ್ಸಿನಲ್ಲೂ ಡಿಸೈಡ್ ಮಾಡಲಾಗಿಲ್ಲ. ಅಂದು ಮಧ್ಯಾಹ್ನ ಹಿಂಬಾಗಿಲಿಗೆ ಹೋದಾಗ ಆಯಿ ಎಲೆ ತೆಗೆದುಕೊಂಡಳು, ಕಾಲು ತೆಗೆಯಲಿಲ್ಲ.

“ನಾ ಹೋಗು ಅಂದ್ರ ಹೋಕ್ಕಿದ್ದೇನ ನೀ?” ಎಂದಳು ಅಮ್ಮನಿಗೆ.

ಅಮ್ಮ ಬಾಗಿಲ ಚೌಕಟ್ಟಿನ ಸುಣ್ಣದ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು.

“ಹೋಕ್ಕಿದ್ದಿಲ್ಲ. ನನಗ ಗೊತ್ತೈತಿ. ನನ್ನ ತವರು ಮೇಡ್ಲೇರಿ. ಮುಂಜಾನೆ ಚಕ್ಕಡಿ ಹೂಡಿದ್ರ ಸಂಜೀಕ ಹೊಳಿ ದಂಡ್ಯಾಗ ಇಳೀಬೌದು. ನಮ್ಮಪ್ಪ ಹೋದಮ್ಯಾಲೆ ಒಬ್ಬರೂ ಕರಿಯಾಕ ಬರಲಿಲ್ಲ ನೋಡು. ನಾನೂ ಹೋಗಲಿಲ್ಲ.” ಅಡಕೆಯ ಚೂರೊಂದನ್ನು ನಾಲಿಗೆಯ ಮೇಲಿಟ್ಟುಕೊಂಡು, ಕಾಲು ಮಡಿಸಿ, “ಹೋಗ್ರಿ, ದ್ವಾಣಿ ಬಿಟ್ಟೈತಿ,” ಎಂದಳು.

ಮುಂದೆ ನನ್ನನ್ನು ಹುಬ್ಬಳ್ಳಿಯ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದರು. ಅದು ಅಮ್ಮನ ಹಟ. ಅಲ್ಲಿನ ಸಿಸ್ಟರುಗಳಲ್ಲಿ ಕೆಲವರು ತನ್ನ ಊರಿನ ಕಡೆಯವರು ಎಂದು ಯಾರೋ ಹೇಳಿದ್ದರು. ಬೋರ್ಡಿಂಗಿನಲ್ಲಿ ಎಲ್ಲದಕ್ಕೂ ಬೆಲ್ಲು. ಉದ್ದನೆಯ ಡಾರ್ಮಿಟರಿ, ಒಂದೇ ಥರದ ಮಂಚಗಳು, ಯಾವ ಮೂಲೆಯೂ ಯಾವ ಊರೂ ಅಲ್ಲ. ಒಮ್ಮೆ ಇಂಗ್ಲಿಷ್ ಕ್ಲಾಸಿನಲ್ಲಿ ‘ಮೈ ಫೇವರಿಟ್ ಸಿಟಿ’ ಎಂಬ ಕಾಂಪೊಸಿಶನ್ ಬರೆಸಿದರು. ನಾನು ಮಂಗಳೂರು ಬರೆದೆ, ಗಲ್ಲಿ ಗಲ್ಲಿ ಬಿಡದೆ. ಸಿಸ್ಟರ್ ಅಲ್ಲಿಯವರೇ. ಓದಿ ಬಹಳ ಖುಷಿಯಾಗಿ ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ, ಲೈಟ್‌ಹೌಸ್ ಹಿಲ್ಲಿನಿಂದ ಕೆಳಗೆ ಯಾವ ಕಡೆಯಿಂದ ಇಳಿಯುತ್ತೀ ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಬೈ ದ ಲ್ಯಾಡರ್, ಸಿಸ್ಟರ್,” ಎಂದೆ.

ಕ್ಲಾಸು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಹುಡುಗಿಯರು ಎಷ್ಟೋ ತಿಂಗಳು ನನ್ನನ್ನು ಲ್ಯಾಡರ್ ಎಂದು ಕರೆದರು. ರಜೆಗೆ ಬಂದಾಗ ಅಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ. ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ, “ನಿಜವಾದದ್ದನ್ನು ತೋರಿಸುವ. ಕರೆಯಲು ಬರಲಿ, ಇಬ್ಬರೂ ಹೋಗುವ,” ಎಂದಳು. ನಾನು ಕಾಲೇಜಿಗೆ ಸೇರಿದ ವರ್ಷ ಮಳೆಗಾಲದಲ್ಲಿ ಜ್ವರ ಬಂದು ಅಮ್ಮ ತೀರಿಕೊಂಡಳು. ಮಾವ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಆಯಿ ಅಂದು ಹಿಂಬಾಗಿಲಲ್ಲಿ ಕಾಲು ಅಡ್ಡ ಚಾಚಿ ಕೂತಿದ್ದಳು. ಹೋಗಿ ಬರುವವರು ಎಷ್ಟು ಹೇಳಿದರೂ ಕಾಲು ಮಡಿಸಲಿಲ್ಲ.

ನಾನು ಟೀಚರಾದೆ. ರಾಣೆಬೆನ್ನೂರಿನಲ್ಲಿ ಬದುಕೆಲ್ಲ ಇಂಗ್ಲಿಷ್ ಕಲಿಸಿ, ಈಗ ಅಲ್ಲೇ ಒಂದು ಮನೆಯ ಮೇಲಂತಸ್ತಿನಲ್ಲಿದ್ದೇನೆ. ಮದುವೆ ಆಗಲಿಲ್ಲ. ಅದಕ್ಕೆ ಕತೆಯೇನೂ ಇಲ್ಲ. ಅಪ್ಪ ಹೋದ ಮೇಲೆ ಬ್ಯಾಡಗಿಯ ಮನೆ ಮಾರಿಹೋಯಿತು. ನನ್ನ ದಿನದ ಮಾತುಗಳು ಹಾಲಿನವನಿಂದ ಶುರುವಾಗಿ ಬಹಳ ಸಲ ಅವನಲ್ಲೇ ಮುಗಿಯುತ್ತವೆ. ಹೋದ ಚಳಿಗಾಲದಲ್ಲಿ ಡಾಕ್ಟರು ದಿನಾ ನಡೆಯಲೇಬೇಕು ಎಂದರು. ಕೆಳಗಿನ ಮನೆಯ ಕಾಲೇಜು ಹುಡುಗಿ ಅದನ್ನು ಕೇಳಿಸಿಕೊಂಡು ತನ್ನ ಮೊಬೈಲು ತಂದು ತೋರಿಸಿದಳು.

“ನಡಿಯೂದ ಆದ್ರ ಇಲ್ಲಿ ಹೋಗಿ ನಡೀರಿ ಟೀಚರ್. ಸಮುದ್ರದ ಊರು, ಎಲ್ಲಾ ವಾಕಿಂಗ್ ಡಿಸ್ಟನ್ಸ್ ಅಂತ ಬರದಾರ. ನೋಡೂವು, ಮಾಡೂವು ಎಲ್ಲಾ ಕೊಟ್ಟಾರ.”

ನೋಡಿದೆ. ಲೈಟ್‌ಹೌಸ್ ಗುಡ್ಡ, ಬಂದರು, ದೋಣಿ, ಸಮುದ್ರ. ಅಮ್ಮನ ಊರು, ಅಮ್ಮನ ದಾರಿ. ಒಂದೂ ಹೊಸದಿರಲಿಲ್ಲ.

ಹೋದೆ. ಹಂಪನಕಟ್ಟೆಯಲ್ಲಿ ನಿಂತಾಗ ನಗು ಬಂತು. ಕಳೆದುಹೋದರೆ ಬಂದು ನಿಲ್ಲಬೇಕಾದ ಜಾಗದಲ್ಲಿ ಬಸ್ಸುಗಳು ಒಂದು ಕ್ಷಣ ನಿಲ್ಲಲೂ ಬಿಡಲಿಲ್ಲ. ಗುಡ್ಡಕ್ಕೆ ರಸ್ತೆಯಿತ್ತು, ಏಣಿಯಲ್ಲ. ಮೊಣಕಾಲು ಹಿಡಿದುಕೊಂಡು ಹತ್ತಿ ಪಾರ್ಕಿನ ಬೆಂಚಿನಲ್ಲಿ ಕೂತೆ. ಎತ್ತರದ ಕಟ್ಟಡಗಳ ಸಂದಿನಿಂದ ಸಮುದ್ರ ಒಂದು ರಿಬ್ಬನ್ನಿನಷ್ಟು ಕಂಡಿತು, ಬೂದು ಬಣ್ಣದ್ದು. ನನ್ನ ಮನಸ್ಸು ಸುಮ್ಮನೆ ಅದಕ್ಕೆ ಕೆಂಪು ಹುಡುಕುತ್ತಿತ್ತು. ಊಟಕ್ಕೆ ಹೋಟೆಲಿನಲ್ಲಿ ಕೂತಾಗ ಹುಡುಗ ಎರಡು ಲೋಟ ನೀರು ಇಟ್ಟು, ಎಷ್ಟು ಜನ ಮೇಡಂ ಎಂದು ಕೇಳಿದ. ಒಬ್ಬಳೇ ಎಂದೆ. ಒಂದು ಲೋಟವನ್ನು ವಾಪಸು ಒಯ್ದ. ಕುಚ್ಚಲಕ್ಕಿಯ ಅನ್ನ ಬಂತು. ಫೋಟೋ ಅಲ್ಲ, ಅದೇ. ಬಂದರಿನ ಗಲ್ಲಿಗೆ ತಿರುಗಿದ ಕೂಡಲೇ ಸೀನು ಬಂತು. ಒಂದರ ಹಿಂದೊಂದು, ಕಣ್ಣಲ್ಲಿ ನೀರು ಬರುವಷ್ಟು. ಅಂಗಡಿಯ ಮುಂದೆ ಸಾಲಾಗಿ ಮೆಣಸಿನಕಾಯಿಯ ಚೀಲಗಳು. ಮುದುಕ ಅಂಗಡಿಯವರು ಸ್ಟೂಲು ಕೊಟ್ಟರು.

“ಘಾಟಿಗೆ ಅಭ್ಯಾಸ ಇಲ್ಲದವರಿಗೆ ಹಾಗೇ ಆಗುವುದು ಅಮ್ಮ. ಇದು ಬ್ಯಾಡಗಿಯ ಮಾಲು.”

“ಬೂಷ್ಟು ಹಿಡಿಯುವುದಿಲ್ಲವೇ?” ಎಂದೆ.

“ಇಲ್ಲಿಯ ಗಾಳಿಗೆ ಹಿಡಿಯದೆ ಉಂಟಾ? ಬಂದ ಕೂಡಲೇ ನಾವೊಮ್ಮೆ ಬಿಸಿಲಿಗೆ ಹಾಕಬೇಕು. ಅಷ್ಟೇ ಅಲ್ವಾ.”

ಅಷ್ಟೇ. ಒಂದು ಬಿಸಿಲು. ಅಪ್ಪ, ಮಾವ ಇಬ್ಬರೂ ಎದ್ದು ನಿಂತದ್ದು ಇಷ್ಟಕ್ಕೆ. ಆಮೇಲೆ ದೋಣಿ ಹತ್ತಿದೆ. ಟಿಕೆಟ್ ಕೇಳಿದಾಗ ಪರ್ಸಿಗೆ ಬದಲು ಕೈ ಒಂದು ಕ್ಷಣ ಇಲ್ಲದ ವೀಳ್ಯದೆಲೆಗೆ ಹೋಯಿತು. ಬೆಂಗ್ರೆಯ ಮರಳು ದಾಟಿ ನೀರಿನ ಮುಂದೆ ನಿಂತೆ. ಸುತ್ತ ಮಕ್ಕಳು, ಸಂಸಾರಗಳು, ಸೆಲ್ಫಿ. ಅಲೆ ಬಂದು ಕಾಲು ತೋಯಿಸಿತು. ಬಂದೆವು ಎಂದು ಹೇಳಲು ತಿರುಗಿದೆ, ಪಕ್ಕದಲ್ಲಿ ಯಾರೂ ಇರಲಿಲ್ಲ. ಆಗ ಗೊತ್ತಾಯಿತು, ನಾನು ಮೊದಲು ಬರಬೇಕಾದ ಜಾಗ ಇದಲ್ಲ ಎಂದು. ಯಾರೂ ಅಮ್ಮನನ್ನು ಕರೆದಿರಲಿಲ್ಲ, ನಾನೂ ಕರೆಯದೇ ಬಂದಿದ್ದೆ. ಕರೆಯದೆ ಅವಳು ಬರುವವಳಲ್ಲ.

ಮರುದಿನ ಬೆಳಿಗ್ಗೆ ಒಂದು ಚೆಂಡು ಮಲ್ಲಿಗೆ ಕೊಂಡೆ. ಹೂವಿನವಳು ಬಾಳೆಲೆಯಲ್ಲಿ ಸುತ್ತಿ ಬಾಳೆನಾರಿನಿಂದ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಹಾವೇರಿಯಲ್ಲಿ ಇಳಿದೆ. ರಾಣೆಬೆನ್ನೂರಿನ ಬಸ್ಸು ನಿಂತಿತ್ತು, ಹತ್ತಲಿಲ್ಲ. ಬ್ಯಾಡಗಿಯ ಬಸ್ಸು ಹಿಡಿದೆ. ಓಣಿಗೆ ಬಂದಾಗ ಇನ್ನೂ ಬಿಸಿಲಿತ್ತು. ನಮ್ಮ ಮನೆಯ ಬಾಗಿಲಿಗೆ ಹಸಿರು ಬಣ್ಣ ಬಂದಿದೆ. ಪಡಸಾಲೆಯಲ್ಲಿ ಒಬ್ಬ ಹೆಂಗಸು ಮೂಗಿಗೆ ಓಢಣಿ ಕಟ್ಟಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ಹೆಸರು ಶಮೀಮಾ ಎಂದು ಆಮೇಲೆ ತಿಳಿಯಿತು.

“ಯಾರ ಬೇಕಾಗಿತ್ತ್ರೀ ಅಮ್ಮಾರ?”

“ನಾವು ಮೊದಲು ಈ ಮನ್ಯಾಗ ಇದ್ವಿ.”

“ಅಯ್ಯ, ದಲಾಲರ ಮಗಳೇನ್ರಿ? ಒಳಗ ಬರ್ರಿ, ಕುಂದ್ರಿ. ಬಿಸಿಲಾಗ ನಿಂತೀರಲ್ಲ.” ಒಳಗೆ ಹೋಗಿ ಚಹಾ ಇಟ್ಟು ಬಂದಳು. ಹೂವಿನ ಪೊಟ್ಟಣ ನೋಡಿದಳು. “ಕಾರ್ಯ ಐತೇನ್ರಿ ಎಲ್ಲೆರೆ?”

ನನಗೆ ಹೇಳುವುದು ಸಿಲ್ಲಿ ಎನಿಸಿತು, ಹೇಳದೆ ಎದ್ದು ಹೋಗುವುದು ಇನ್ನೂ ಕಷ್ಟವೆನಿಸಿತು. ಹೇಳಿದೆ. ಅಮ್ಮನ ಊರು, ಮಾವ, ಬಿಚ್ಚಿಟ್ಟ ಬೂಟು, ಆಯಿಯ ಟಿಕೀಟು. ಶಮೀಮಾ ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ, ಆದರೆ ಕೈ ನಿಧಾನವಾಯಿತು. ಚಹಾ ತಂದುಕೊಟ್ಟಳು. ಕೊನೆಯ ಗುಟುಕಿನವರೆಗೂ ಕುಡಿದೆ. ಬಸಿ ಕೆಳಗಿಟ್ಟೆ.

“ಮುಗೀತಲ್ಲರಿ ಚಹಾ,” ಎಂದಳು ಅವಳು, ಮೂಗಿನ ಓಢಣಿ ಕೆಳಗಿಳಿಸಿ. “ಇನ್ನ ಕೇಳ್ರಿ ಮತ್ತ.”

“ಯಾರನ್ನ ಕೇಳ್ಲಿ?”

“ಈಗ ಈ ಮನಿಗೆ ಹಿರ್ಯಾಕಿ ಅಂದ್ರ ನಾನ ಅಲ್ಲೇನ್ರಿ?”

ನಾನು ಎದ್ದು ನಿಂತೆ. ಬಾಳೆಲೆಯ ಪೊಟ್ಟಣವನ್ನು ಅವಳ ಕೈಗೆ ಕೊಟ್ಟೆ. ಇಷ್ಟು ವರ್ಷ ಯಾರೂ ಆಡದ ಮಾತನ್ನು ಆಡಿದೆ.

“ನಮ್ಮ ಹುಡುಗಿಯನ್ನು ಕರೆಯಲು ಬಂದಿದ್ದೇನೆ.”

ಶಮೀಮಾ ಮಲ್ಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಡುಮನೆಯ ಕಡೆ ಒಮ್ಮೆ ನೋಡಿದಳು, ಒಳಗೆ ಯಾರೋ ಸಜ್ಜಾಗಿ ನಿಂತಿರುವಂತೆ.

“ಕರಕೊಂಡು ಹೋಗ್ರಿ,” ಎಂದಳು. “ಲಗೂ ಕಳಸಬ್ಯಾಡ್ರಿ. ಭಾಳ ದಿನಕ್ಕ ಹೊಂಟಾರ, ಇದ್ದು ಬರಲಿ.”

ಹೊಸ್ತಿಲು ದಾಟಿ ಹೊರಗೆ ಬಂದೆ. ತಕ್ಷಣ ನಡೆಯಲಿಲ್ಲ. ಬಾಗಿಲಿನಿಂದ ಒಂದಿಷ್ಟು ಪಕ್ಕಕ್ಕೆ ಸರಿದು, ಚಿಕ್ಕವಳಾಗಿದ್ದಾಗ ನಿಲ್ಲುತ್ತಿದ್ದ ಕಲ್ಲಿನ ಮೇಲೇ ನಿಂತೆ. ಅಮ್ಮ ಚಪ್ಪಲಿ ಹಾಕಿಕೊಳ್ಳುವುದು ಯಾವಾಗಲೂ ನಿಧಾನ.